ಯಂತ್ರವೋ, ಪ್ರತಿಭೆಯೋ?

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಶಾಲಾಬಾಲಕರ ಕೈಗೆ ಕಾಗದವನ್ನು ಕೊಟ್ಟು ‘ಇಂಜಿನಿಯರಿನ ಚಿತ್ರವನ್ನು ಬರೆ’ ಎಂದು ಕೇಳುವ ಪರೀಕ್ಷೆಯೊಂದು 2004ರಿಂದ ಬಳಕೆಯಲ್ಲಿದೆ. ಅವರು ಬರೆಯುವುದು ಬಹುಮಟ್ಟಿಗೆ ಮೋಟಾರು ರಿಪೇರಿ ಮಾಡುವ, ಕಟ್ಟಡ ಕಟ್ಟುವ, ಇಲ್ಲವೆ ರೈಲು ನಡೆಸುವ ಗಂಡಸನ್ನು. ಆ ದೇಶದ ಇಂಗ್ಲಿಷಿನಲ್ಲಿ ರೈಲು ನಡೆಸುವವನಿಗೂ ಇಂಜಿನಿಯರ್ ಎಂದೇ ಹೆಸರು. ಮಕ್ಕಳ ಮಾತು ಹಾಗಿರಲಿ. ಅವರಿಗೆ ಪಾಠ ಹೇಳಲು ಸಿದ್ಧರಾಗುತ್ತಿರುವ ಶಿಕ್ಷಣಾರ್ಥಿಗಳನ್ನು ಕೇಳಿದಾಗಲೂ ಇಂಥ ಚಿತ್ರಗಳು ಬಂದದ್ದುಂಟು. ಅವರಲ್ಲಿ ಮೆಕ್ಸಿಕೊ ದೇಶದ ಗಡಿಸೀಮೆಯ, ಸ್ಪ್ಯಾನಿಷ್ ಮನೆಮಾತಿನ ಕುಟುಂಬಗಳಿಂದ ಬಂದ ಶಿಕ್ಷಣಾರ್ಥಿನಿಯರ ವಿಷಯವು ವಿಶೇಷವಾಗಿ ನನ್ನ ಮನಸ್ಸನ್ನು ಹಿಡಿದಿದೆ.

ಪಾಠಶಾಲೆಯಲ್ಲಿ ವ್ಯಾಕರಣ ಓದಿದವನಿಗೆ ಶಬ್ದದ ಬೇರನ್ನು ಕೆದಕುವ ಚಪಲವು ಮುಪ್ಪಿನಲ್ಲಿಯೂ ಬಿಡದು. ಸ್ಪ್ಯಾನಿಷಿನಲ್ಲಿ ಇಂಜಿನಿಯರಿಗೆ ‘ಇನ್‌ಹೆನಿಯೆರೊ’ ಎನ್ನುತ್ತಾರೆ, ಬುದ್ಧಿಚಾತುರ್ಯಕ್ಕೆ ‘ಇನ್‌ಹೆನಿಯೊ’. ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಇಂಗೇನಿಯಂ’, ಎಂದರೆ ಹುಟ್ಟಿನೊಡನೆ ಬಂದ ಶಕ್ತಿ. ಅದರೊಳಗಿನ ಧಾತುವು ನಮ್ಮ ‘ಜನ್’ ಧಾತುವಿನ ಒಡಹುಟ್ಟು. ನಮ್ಮ ಆಲಂಕಾರಿಕರು ಸಹಜ ಪ್ರತಿಭೆಯೆಂದದ್ದು ಇದರ ನೆರೆಮನೆಯದೇ ಅಲ್ಲವೆ? ಇಂಗ್ಲಿಷಿನ ಶಬ್ದವೂ ಅದೇ ಬೇರಿನದು. ಆದರೆ ಅಲ್ಲಿ ‘ಇಂಜಿನ್’ ಎಂಬ ಯಂತ್ರವು ಅಡ್ಡ ನಿಂತು ಬುದ್ಧಿಯನ್ನು ಮರೆಮಾಡಿದೆ. ಸ್ಪ್ಯಾನಿಷಿನಲ್ಲಾದರೋ ರೈಲು ನಡೆಸುವವನಿಗೆ ‘ಮಾಕಿನಿಸ್ತ’ ಎಂಬ ಬೇರೆಯೇ ಹೆಸರುಂಟು.

ಶಬ್ದವೊಂದೇ ಅಲ್ಲ, ವಸ್ತುವೂ ಆ ಜನರ ಮನೆಯ ಬಳಿಯೇ ಇದೆ. ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ‘ಅಸೆಕಿಯ’ ಎಂಬ ಹಳೆಯ ಕಾಲುವೆಗಳಿವೆ. ಹೆಸರು ಅರಬ್ಬಿಯಿಂದ ಸ್ಪೇನಿಗೆ ಬಂದು, ಅಲ್ಲಿಂದ ಕಡಲು ದಾಟಿದ್ದು. ಭೂಮಿಯ ಇಳಿಜಾರನ್ನೇ ನೆಚ್ಚಿ ಹೊಳೆಯ ನೀರನ್ನು ಹೊಲಗಳಿಗೆ ಹಾಯಿಸುತ್ತಾರೆ. ವಸಂತದಲ್ಲಿ ಊರವರು ಕೂಡಿ ಹೂಳು ತೆಗೆಯುತ್ತಾರೆ. ನೀರಿನ ಸರದಿಯನ್ನು ‘ಮಯೋರ್ದೊಮೊ’ ಎಂಬ ಮೇಲ್ವಿಚಾರಕರು ನೋಡಿಕೊಳ್ಳುತ್ತಾರೆ. ನಮ್ಮ ಕೆರೆಯ ನೀರಗಂಟಿಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇದು ಇಂಜಿನಿಯರಿಂಗ್ ಅಲ್ಲವಾದರೆ ಮತ್ತಾವುದು? ಆದರೂ ಚಿತ್ರ ಬರೆಯುವಾಗ ಕಾಲುವೆ ಯಾರಿಗೂ ನೆನಪಾಗುವಂತೆ ಕಾಣೆ. ಅದು ಅಜ್ಜನ ಕೆಲಸ, ವಿದ್ಯೆಯಲ್ಲ! ಅರಿಜೋನದ ಟೂಸಾನ್ ಪಟ್ಟಣದಲ್ಲಿ ಲೂಯಿಸ್ ಮೋಲ್ ಮೊದಲಾದವರು ಉಪಾಧ್ಯಾಯರನ್ನು ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳ ಮನೆಗಳಿಗೆ ಕಳುಹಿಸಿ, ಬೇಸಾಯ, ಕಟ್ಟಡ, ದುರಸ್ತಿಗಳ ಎಷ್ಟೋ ತಿಳಿವಳಿಕೆ ಅಲ್ಲಿ ಕೂಡಿಟ್ಟಿರುವುದನ್ನು 1992ರಲ್ಲಿಯೇ ಬರೆದರು. ಶಾಲೆಗಳು ಅದನ್ನು ಬಳಸಿಕೊಂಡದ್ದು ಸಾಲದು.

ಇದೆಲ್ಲ ಬರಿಯ ಶಬ್ದಚರ್ಚೆಯಲ್ಲ. 2013ರಲ್ಲಿ ಹೊರಬಂದ ಅಲ್ಲಿನ ವಿಜ್ಞಾನ ಶಿಕ್ಷಣದ ಮಾನದಂಡಗಳು ಶಿಶುತರಗತಿಯಿಂದಲೇ ಇಂಜಿನಿಯರಿಂಗನ್ನು ಸೇರಿಸಿವೆ. ಆ ದೇಶದ ಪ್ರಾಥಮಿಕ ಶಾಲೆಗಳ ಹತ್ತು ಮಂದಿ ಉಪಾಧ್ಯಾಯರಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಸರ್ಕಾರಿ ಶಾಲೆಯ ನಾಲ್ವರು ಮಕ್ಕಳಲ್ಲಿ ಒಬ್ಬರಿಗಿಂತ ಹೆಚ್ಚು ಹಿಸ್ಪಾನಿಕ್ ಮೂಲದವರು. ‘ಇದು ಗಂಡಸರ ಕೆಲಸ, ನನ್ನವರದಲ್ಲ’ ಎಂದು ನಂಬಿದ ಉಪಾಧ್ಯಾಯಿನಿಯು ಅಂಥ ತರಗತಿಯಲ್ಲಿ ನಿಂತರೆ, ಬಾಯಿಬಿಟ್ಟು ಹೇಳದೆಯೇ ಆ ನಂಬಿಕೆಯನ್ನು ಕಲಿಸಿರುತ್ತಾಳೆ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತ ನಾನು ಇದನ್ನು ಬಲ್ಲೆ.

ತರಬೇತಿಯ ಗುರುಗಳು ಆಟಿಕೆಯ ಸೇತುವೆಯನ್ನು ಅವಳ ಕೈಗೆ ಕೊಡುವ ಮುನ್ನ, ಚಿತ್ರದ ಪ್ರಶ್ನೆಯನ್ನು ಅವಳ ಮನೆಮಾತಿನಲ್ಲಿಯೂ ಒಮ್ಮೆ ಕೇಳಬೇಕೆಂದು ನನ್ನ ಆಶೆ: ‘ಇನ್‌ಹೆನಿಯೆರೊ’ ಯಾರು, ನಿನ್ನ ಊರಿನ ಕಾಲುವೆಯನ್ನು ಕಟ್ಟಿದವರಾರು, ಎಂದು.