ಹರವಿದ ಅರಿವಿ

ನಮ್ಮ ಕಡೆಯ ಮನೆಗಳಲ್ಲಿ ಹೊಲಿಗೆಗೆಂದೇ ಒಂದು ಕೋಣೆ ಇರುವುದು ಅಪರೂಪ. ಮಿಷನ್ನು ಇರುವ ಕೋಣೆ ಇರುತ್ತದೆ, ಅಷ್ಟೆ. ಮದುವೆಯಲ್ಲಿ ತವರಿನವರು ಕೊಟ್ಟದ್ದೋ, ಕಂತಿನ ಮೇಲೆ ಕೊಂಡದ್ದೋ, ಅಂತೂ ಬೆಳಕು ಬೀಳುವ ಕಿಟಕಿಯ ಪಕ್ಕ ಅದಕ್ಕೊಂದು ಜಾಗ. ಕೆಲಸವಿಲ್ಲದಾಗ ಅದರ ಮೇಲೆ ಕಟ್ಟಿಗೆಯ ಮುಚ್ಚಳ, ಮುಚ್ಚಳದ ಮೇಲೆ ಕ್ರೋಶಾದ ಹೊದಿಕೆ, ಹೊದಿಕೆಯ ಮೇಲೆ ಕರೆಂಟಿನ ಬಿಲ್ಲು, ಡಾಕ್ಟರ ಚೀಟಿ, ಇಸ್ತ್ರಿಗೆ ಕೊಡಬೇಕಾದ ಅಂಗಿ. ಹೊಲಿಯಲು ಕೂರಬೇಕೆಂದರೆ ಮೊದಲು ಮನೆಮಂದಿಯ ಸಾಮಾನನ್ನೆಲ್ಲ ಎತ್ತಿಡಬೇಕು. ಆಮೇಲೆ ನನ್ನ ಸಾಮಾನು ಹರವಿದರೆ "ಏನವಾ ಇದು ರಾಡಿ" ಎಂದು ಕೇಳುವವರು ಆ ಬಿಲ್ಲು ಇಟ್ಟವರೇ.

ಯಂತ್ರವೆಂದರೆ ಹುಬ್ಬುಗಂಟಿಕ್ಕುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾಗದೆ ಸಿಂಗರ್ ಅದನ್ನು ಮಾಡಿದ ಎಂಬುದು ಅವರ ಮಾತು. ಆ ಹೆಂಡತಿ ಮಿಷನ್ನನ್ನು ಮನೆಯಲ್ಲಿ ಎಲ್ಲಿಟ್ಟುಕೊಂಡಳು, ಚಿಂದಿಯನ್ನು ಯಾರು ಬಳಿದರು ಎಂಬುದನ್ನು ಮಾತ್ರ ಯಾರೂ ಕೇಳಿದ ಹಾಗಿಲ್ಲ.

ಹೊಲಿಗೆ ನಡೆದಿರುವಾಗಿನ ಹರವು ಬೇರೆ, ಹೊಲಸು ಬೇರೆ. ಎರಡನ್ನೂ ಒಂದೇ ಕಸಬರಿಗೆಯಿಂದ ಬಳಿಯಲು ಬರುವವರ ಮೇಲೆ ನನ್ನ ತಕರಾರಿದೆ. ಅಸ್ತರ ಹಾಕಿದ ಒಂದು ಜಂಪರನ್ನೇ ತಗೊಳ್ಳಿ. ಮುಂಭಾಗದ ಎರಡು ತುಂಡು, ಹಿಂಭಾಗ, ಎರಡು ತೋಳು, ಎದೆಯ ಕೆಳಗಿನ ಪಟ್ಟಿ, ಹುಕ್ಕಿನ ಪಟ್ಟಿ, ಕಾಜದ ಪಟ್ಟಿ. ಹೆಚ್ಚಿನವಕ್ಕೆ ಅಸ್ತರದ ಜೋಡಿ ಬೇರೆ. ಕೊರಳಿಗೆ ಪೈಪಿಂಗ್ ಬೇಕೆಂದರೆ ಅರಿವಿಯನ್ನು ಓರೆಯಾಗಿ ಕತ್ತರಿಸಿ ತೆಗೆದ ಕ್ರಾಸ್ ಪಟ್ಟಿಗಳೂ ಸೇರುತ್ತವೆ. ಇವೆಲ್ಲ ಹಾಸಿಗೆಯ ಮೇಲೆ, ಕುರ್ಚಿಯ ಬೆನ್ನಿನ ಮೇಲೆ, ನೆಲದ ಮೇಲೆ ಬಿದ್ದಿರುತ್ತವೆ ನಿಜ. ಆದರೆ ಎಡಗಡೆ ಬಿದ್ದದ್ದು ಎಡದ್ದು, ಬಲಗಡೆ ಬಿದ್ದದ್ದು ಬಲದ್ದು. ತೋಳಿನ ಮುಂದಿನ ಮಗ್ಗುಲು ಹಿಂದಿನದಕ್ಕಿಂತ ತುಸು ಹೆಚ್ಚು ಕೊರೆದಿರುತ್ತದೆ. ಯಾವುದು ಮುಂದಿನದು ಎಂಬುದಕ್ಕೆ ಸೀಮೆಸುಣ್ಣದ ಒಂದು ಸಣ್ಣ ಗೀಟೇ ಸಾಕ್ಷಿ. ಮಗ್ಗುಲಲ್ಲಿ ಇನ್ನೂ ಹೊಲಿಗೆ ಬಿದ್ದಿಲ್ಲವಾದ್ದರಿಂದ ಅಂಚುಗಳೆಲ್ಲ ಎಳೆ ಬಿಡಲು ಕಾಯುತ್ತಿರುತ್ತವೆ. ಯಾರೋ ಉಪಕಾರ ಮಾಡಲು ಹೋಗಿ ಎಲ್ಲವನ್ನೂ ಝಾಡಿಸಿ, ಒಂದರ ಮೇಲೊಂದು ಪೇರಿಸಿ, ಕಪಾಟಿನಲ್ಲಿಟ್ಟರು ಅನ್ನಿ. ಕೋಣೆ ಕಣ್ಣಿಗೆ ಚೆಂದ. ಗೀಟು ಅಳಿಸಿತು, ಎಳೆ ಬಿಚ್ಚಿತು, ಎರಡೂ ತೋಳು ಒಂದೇ ಕೈಯವಾಗಿ ಕೂತವು.

ಹಾಗೆಂದು ಎಲ್ಲವೂ ಎಲ್ಲೆಂದರಲ್ಲಿ ಬಿದ್ದಿರಲಿ ಎನ್ನುವವಳಲ್ಲ ನಾನು. ಸೂಜಿಯ ವಿಷಯದಲ್ಲಿ ನಾನು ಕಟುಕಳೇ. ಹದಿನಾಲ್ಕನೇ ನಂಬರಿನ ಮಿಷನ್ ಸೂಜಿಯ ದಪ್ಪ 0.9 ಮಿಲಿಮೀಟರು. ಅದೂ ಗುಂಡುಸೂಜಿಯೂ ಕಪ್ಪು-ಬಿಳಿ ಚುಕ್ಕೆಯ ಮೊಸಾಯಿಕ್ ನೆಲಕ್ಕೆ ಬಿದ್ದರೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಕಾಣುವುದಿಲ್ಲ. ಅಂಬೆಗಾಲಿಡುವ ಕೂಸಿನ ಅಂಗೈಗೆ ಮಾತ್ರ ತಪ್ಪದೆ ಸಿಗುತ್ತದೆ. ಹಳೇ ಸ್ಪೀಕರಿನೊಳಗಿನ ಆಯಸ್ಕಾಂತ ಒಂದಿದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆ ಆಡಿಸಬೇಕು. ಏಳುವ ಮೊದಲಿನ ಕೊನೆಯ ಕೆಲಸ ಅದೇ. ಇದು ನನ್ನೊಬ್ಬಳ ಗೀಳೇನಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ರಫ್ತಿನ ಮಾಲು ಹೊಲಿಯುವ ಕಡೆ, ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ರಿಜಿಸ್ಟರಿಗೆ ಅಂಟಿಸಿದ ಮೇಲೇ ಹೊಸದು ಕೈಗೆ ಬರುವುದು. ಚೂರು ಸಿಗದಿದ್ದರೆ ಆ ಅರಿವಿ ಮುಂದಕ್ಕೆ ಹೋಗುವ ಹಾಗಿಲ್ಲ. ಮನೆಯಲ್ಲಿ ರಿಜಿಸ್ಟರು ಬೇಡ. ಮುರಿದ ಎರಡೂ ಚೂರು ಸಿಗುವ ತನಕ ಏಳಬಾರದು, ಅಷ್ಟು ಸಾಕು.

ಇನ್ನೊಂದು ಕೊಳೆ ಇದೆ, ಮನೆಗೆ ಬಂದವರ ಕಣ್ಣಿಗೆ ಎಂದೂ ಬೀಳದ್ದು. ಸೂಜಿಯ ಕೆಳಗಿನ ತಗಡಿನ ಎರಡು ತಿರುಪು ಬಿಚ್ಚಿ ನೋಡಿ. ಅರಿವಿಯನ್ನು ಮುಂದೆ ತಳ್ಳುವ ಹಲ್ಲುಗಳ ನಡುವೆ ದಾರದ ಧೂಳು ಮಿಷನ್ ಎಣ್ಣೆಯಲ್ಲಿ ನೆನೆದು ಬೂದು ಬಣ್ಣದ ಕಂಬಳಿಯೇ ಆಗಿರುತ್ತದೆ. ಹೊಲಿಗೆ ತಪ್ಪುತ್ತಿದೆ, ಕೆಳಗಡೆ ದಾರ ಗೋಜಲಾಗುತ್ತಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಒಂದು ಹಳೇ ಬ್ರಶ್ಶಿನಿಂದ ಅಲ್ಲಿ ಉಜ್ಜಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಕೋಣೆ ಹೇಗೇ ಇರಲಿ, ಬಾಬಿನ್ ಕೂರುವ ಆ ಗೂಡು ಚೊಕ್ಕಟವಿರಬೇಕು. ಷೋಕೇಸಿನ ಗಾಜು ದಿನಾ ಒರೆಸುವವರೂ ಈ ತಗಡನ್ನು ವರ್ಷಗಟ್ಟಲೆ ಬಿಚ್ಚುವುದಿಲ್ಲ.

ಅಚ್ಚುಕಟ್ಟು ಕಲಿಯಬೇಕೆಂದರೆ ಪೇಟೆಯ ಟೇಲರ್ ಅಂಗಡಿಗೆ ಹೋಗಬೇಕು. ಎರಡು ಮಿಷನ್ನು, ಒಂದು ಕತ್ತರಿಸುವ ಮೇಜು ಇಟ್ಟರೆ ಕಾಲು ಚಾಚಲು ಜಾಗವಿರದ ಗೂಡು. ನೆಲದ ತುಂಬ ಚಿಂದಿ. ದೀಪಾವಳಿಯ ಮುಂದೆ ನೋಡಿದರೆ ಈ ಮನುಷ್ಯ ಇವತ್ತು ಯಾರ ಖಣವನ್ನು ಯಾರಿಗೆ ಕೊಡುತ್ತಾನೋ ಎಂದು ಎದೆ ಝಲ್ಲೆನ್ನುತ್ತದೆ. ಅವನು ಮಾತ್ರ ನಿರಾಳ. ಬಂದ ಖಣದ ಮೂಲೆಯಿಂದ ಉಗುರಿನಷ್ಟು ತುಂಡು ಕತ್ತರಿಸಿ ಅಳತೆ ಪುಸ್ತಕದ ಆ ಹಾಳೆಗೆ ಪಿನ್ನು ಹೊಡೆಯುತ್ತಾನೆ. ಖಣ, ಅಸ್ತರ, ಅಳತೆಗೆ ಕೊಟ್ಟ ಹಳೇ ಜಂಪರು ಮೂರನ್ನೂ ಸುರುಳಿ ಸುತ್ತಿ ಅದೇ ಅರಿವಿಯ ಒಂದು ಪಟ್ಟಿಯಿಂದ ಕಟ್ಟಿ ಮೇಲಿನ ಹಲಗೆಗೆ ಎಸೆಯುತ್ತಾನೆ. ಒಂದು ಕೆಲಸಕ್ಕೆ ಒಂದು ಗಂಟು. ಗಂಟು ಬಿಚ್ಚಿದಾಗ ಹರವು, ಕಟ್ಟಿದಾಗ ಹರವಿಲ್ಲ. ಪ್ಲಾಸ್ಟಿಕ್ ಡಬ್ಬಿಗಳು, ಬಣ್ಣಬಣ್ಣದ ಖಾನೆಗಳು ಎಂದು ದುಡ್ಡು ಸುರಿಯುವವರು ಇದನ್ನು ನೋಡಿ ಬರಬೇಕು. ನಾನಂತೂ ಸೀರೆ ಅಂಗಡಿಯವರು ಕೊಡುವ ಕೈಚೀಲಗಳನ್ನು ಹೊರಗೆ ಹಾಕಲು ಬಿಡುವುದಿಲ್ಲ. ಪಿಕೋ-ಫಾಲಿನ ಸೀರೆ ಒಂದರಲ್ಲಿ, ದಾರದ ರೀಲು ಸಮೇತ. ಮೊಮ್ಮಗಳ ಲಂಗ ಇನ್ನೊಂದರಲ್ಲಿ.

ಇನ್ನು ಚಿಂದಿಯ ಮಾತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೆಲದ ತುಂಬ ಚಿಂದಿ ಇರುತ್ತದಲ್ಲ, ಆಗ ಕಸಬರಿಗೆಗೆ ಕೈ ಹಾಕಿದರೆ ನಮ್ಮತ್ತೆ ಬಿಡುತ್ತಿರಲಿಲ್ಲ. "ದೀಪ ಹಚ್ಚಿದ ಮ್ಯಾಲೆ ಕಸಾ ಹೊಡೀಬ್ಯಾಡ್ವಾ, ಲಕ್ಷ್ಮಿ ಹೋಗ್ತಾಳ. ಮೂಲ್ಯಾಗ ಸರಿಸಿಡು, ಮುಂಜಾನೆ ನೋಡೂಣಂತ." ಮುಂಜಾನೆ ಎದ್ದು ಅವರು ಅದನ್ನು ಕಸಕ್ಕೆ ಹಾಕುತ್ತಿರಲಿಲ್ಲ, ಆರಿಸುತ್ತಿದ್ದರು. ನೂಲಿನದು ಒಂದು ಕಡೆ, ನೈಲಾನಿನದು ಇನ್ನೊಂದು ಕಡೆ. ನೂಲಿನದು ಕೌದಿಗೆ, ನೈಲಾನಿನದು ತಲೆದಿಂಬಿನ ಹೊಟ್ಟೆಗೆ. ಹಳೇ ಸೀರೆಯ ಮೇಲೆ ತುಂಡು ಜೋಡಿಸಿ ಕೈಹೊಲಿಗೆ ಹಾಕುತ್ತ ಹೋದರೆ ಬೇಸಿಗೆ ಮುಗಿಯುವುದರೊಳಗೆ ಒಂದು ಕೌದಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಕ್ರಮ ಇನ್ನೂ ಚೆಂದ. ಅವರು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಣ್ಣದ ತುಂಡುಗಳನ್ನು ಮಡಿಚಿ ಹೂವಿನಂತೆ ಕೂರಿಸುತ್ತಾರೆ. ಮೇಜಿಲ್ಲ, ಕಪಾಟಿಲ್ಲ. ಹೊಲಿಯುವ ಕೌದಿಯೇ ನೆಲದ ಮೇಲೆ ಹರಡಿಕೊಂಡಿರುತ್ತದೆ, ತುಂಡುಗಳು ಅದರೊಳಗೇ ಕರಗಿಹೋಗುತ್ತವೆ.

ನಮ್ಮ ಹೊಲಿಗೆ ಕೋಣೆಗಳು ತುಂಬಿ ತುಳುಕುವುದಕ್ಕೆ ಕಾರಣ ಇಲ್ಲಿದೆ ಎಂದು ನನ್ನ ಲೆಕ್ಕ. ಅತ್ತೆಯ ಕಾಲದ ಚಿಂದಿಗೆ ಹೋಗಲು ಒಂದು ಊರಿತ್ತು. ನಾವು ಅವರಿಂದ ಕೂಡಿಡುವುದನ್ನು ಮಾತ್ರ ಕಲಿತೆವು, ಕೌದಿ ಹೊಲಿಯುವುದನ್ನು ಬಿಟ್ಟೆವು. ಕೌದಿ ಹೊಲಿಯುವವರು ಚೂರೂ ಬಿಡದೆ ಆರಿಸಿಡಲಿ. ಹೊಲಿಯದವರು ಹೊಲಿಯುವವರಿಗೆ ಕೊಟ್ಟುಬಿಡಲಿ. ಬೇಕೆನ್ನುವವರು ಓಣಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಮುಂದೆಂದೋ ಬೇಕಾದೀತು ಎಂದು ಮಂಚದ ಕೆಳಗೆ ಚೀಲಗಟ್ಟಲೆ ತುರುಕಿದ್ದು ಜಿರಲೆಗೆ ಬಾಡಿಗೆಯಿಲ್ಲದ ಮನೆ.

ಮನೆಮಂದಿಗೆ ನನ್ನದೊಂದೇ ವಿನಂತಿ. ಹರವಿದ್ದನ್ನು ಮಡಿಚಿಡಬೇಡಿ, ಕೆಲಸ ಮುಗಿದ ಮೇಲೆ ನಾನೇ ಎತ್ತುತ್ತೇನೆ. ಅರಿವಿ ಕತ್ತರಿಸುವ ದೊಡ್ಡ ಕತ್ತರಿಯನ್ನು ಮಾತ್ರ ಹಾಲಿನ ಪಾಕೀಟಿಗೆ, ಮಕ್ಕಳ ಶಾಲೆಯ ಬಣ್ಣದ ಕಾಗದಕ್ಕೆ ಮುಟ್ಟಬೇಡಿ. ಅಡುಗೆಮನೆಯಲ್ಲಿ ಇನ್ನೊಂದು ಕತ್ತರಿ ಇದೆ.