ಬಣ್ಣ ಹಿಡಿಯದ ಕೋಶಗಳು

ಬಳ್ಳಾರಿಯನ್ನು ಬಿಟ್ಟು ವಿಜಯವಾಡದ ಪಟಮಟದಲ್ಲಿ ನಾನು ನೆಲಸಿದ ಕಾಲಕ್ಕೆ, ನಮ್ಮ ಪುಟ್ಟ ಪ್ರಯೋಗಶಾಲೆಯ ರೋಗನಿರ್ಣಯವೆಲ್ಲ ಎರಡು ವರ್ಣಗಳನ್ನು ನೆಚ್ಚಿಕೊಂಡಿತ್ತು: ಕೋಶಕೇಂದ್ರಕ್ಕೆ ಹೆಮಟಾಕ್ಸಿಲಿನ್ನಿನ ನೀಲಿ, ಉಳಿದುದಕ್ಕೆ ಇಯೋಸಿನ್ನಿನ ಗುಲಾಬಿ. ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಾಂಶವನ್ನು ಫಾರ್ಮಲಿನ್ನಿನಲ್ಲಿ ನೆನೆಸಿ, ಮೇಣದ ಬ್ಲಾಕಿನಲ್ಲಿ ಹುದುಗಿಸಿ, ಮೈಕ್ರೋಟೋಮಿನಿಂದ ಮೂರು ನಾಲ್ಕು ಮೈಕ್ರಾನಿನ ದಪ್ಪಕ್ಕೆ ಕೊಯ್ದು ಸ್ಲೈಡಿಗೇರಿಸುವುದು ನನ್ನ ವೃತ್ತಿ. ಮಕ್ಕಳ ಮೆದುಳಿನ ಗಡ್ಡೆ ಬಂದಿತೆಂದರೆ ಎಲ್ಲರ ಮುಖವೂ ಗಂಭೀರವಾಗುತ್ತಿತ್ತು. ಏಕೆಂದರೆ 1925ರಲ್ಲಿ ಬೈಲಿ ಮತ್ತು ಕುಶಿಂಗರು ಹೆಸರಿಟ್ಟ ಮೆಡುಲ್ಲೋಬ್ಲಾಸ್ಟೋಮವೂ ಅದರ ದಾಯಾದಿಗಳೂ ಸೂಕ್ಷ್ಮದರ್ಶಕದಡಿಯಲ್ಲಿ ಒಂದೇ ತೆರನಾದ ನೀಲಿ ಕೋಶಗಳ ಸಂತೆಯಾಗಿ ತೋರುತ್ತಿದ್ದುವು. ಸಂದೇಹ ಬಗೆಹರಿಯದಾಗ ಬ್ಲಾಕು ಬೆಂಗಳೂರಿನ ನಿಮ್ಹಾನ್ಸಿಗೆ ಹೊರಡುತ್ತಿತ್ತು.

ಆಮೇಲೆ ಪ್ರತಿಕಾಯಗಳು ಬಂದುವು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನರು ಕಂಡುಹಿಡಿದ ಉಪಾಯದ ಫಲವಾಗಿ, ಒಂದೊಂದು ಪ್ರೋಟೀನನ್ನೂ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಗಳು ಶೀಶೆಗಳಲ್ಲಿ ದೊರೆಯತೊಡಗಿದುವು. ಅಂಟಿದೆಡೆಯಲ್ಲಿ ಕಂದು ಬಣ್ಣ ಮೂಡುವುದು: ಜಿ.ಎಫ್.ಎ.ಪಿ. ಮೂಡಿದರೆ ಗ್ಲಯಾ ಕೋಶಗಳ ಕುಲ, ಸಿನಾಪ್ಟೋಫೈಸಿನ್ ಮೂಡಿದರೆ ನರಕೋಶಗಳ ಕುಲ.

ಇರುವುದನ್ನು ತೋರಿಸುವುದೇ ಬಣ್ಣದ ಧರ್ಮವೆಂದು ನಂಬಿದ್ದ ನನ್ನನ್ನು ಐ.ಎನ್.ಐ.-1 ಎಂಬ ಗುರುತು ಬೆಪ್ಪಾಗಿಸಿತು. ಎಳೆಯ ಕೂಸುಗಳನ್ನು ಹೆಚ್ಚಾಗಿ ಕಾಡುವ ರಾಬ್ಡಾಯ್ಡ್ ಗಡ್ಡೆಯಲ್ಲಿ ಆ ಪ್ರೋಟೀನು ನಷ್ಟವಾಗಿರುವುದರಿಂದ, ಬಣ್ಣ ಹಿಡಿಯದ ಕೋಶಗಳೇ ಅಲ್ಲಿ ಸಾಕ್ಷಿ! ಒಮ್ಮೆ ಅಂತಹ ಸ್ಲೈಡೊಂದನ್ನು, ಗಡ್ಡೆಯೆಲ್ಲ ಕಂದಿಲ್ಲದೆ ಬರಿದಾಗಿರುವುದನ್ನು ಕಂಡು, ಉತ್ತರ ದೊರೆಯಿತೆಂಬ ಹುರುಪಿನಿಂದ ನಮ್ಮ ಪ್ರಯೋಗಶಾಲೆಯ ಡಾಕ್ಟರಮ್ಮನವರ ಮುಂದಿಟ್ಟೆ. ಅವರು ಕ್ಷಣಕಾಲ ನೋಡಿ, "ರಕ್ತನಾಳಾಲು ಚೂಶಾರಾ?" (ರಕ್ತನಾಳಗಳನ್ನು ನೋಡಿದಿರಾ?) ಎಂದರು. ನಾನು ನೋಡಿರಲಿಲ್ಲ. ರಕ್ತನಾಳದ ಆರೋಗ್ಯವಂತ ಕೋಶಗಳು ಕಂದು ಬಣ್ಣ ತಾಳಲೇಬೇಕು; ಅವೂ ಬರಿದಾಗಿದ್ದುವು. ಬಫರಿನಲ್ಲಿ ಕಾಯಿಸುವ ಹಂತವನ್ನು ಅವಸರದಲ್ಲಿ ಮೊಟಕುಮಾಡಿದ್ದ ನನ್ನ ತಪ್ಪು ಮಗುವಿನ ರೋಗವಾಗಿ ಬರೆಯಲ್ಪಡುವುದರಲ್ಲಿತ್ತು. ಮರುದಿನ ಮತ್ತೆ ಮಾಡಿದಾಗ ನಾಳಗಳೂ ಗಡ್ಡೆಯೂ ಒಟ್ಟಿಗೆ ಕಂದಾದುವು.

2016ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಗಡ್ಡೆಯ ಹೆಸರಿಗೆ ಜೀನನ್ನೂ ಜೋಡಿಸಿತು. 2021ರದು ಆ ದಾರಿಯಲ್ಲಿ ಇನ್ನೂ ಮುಂದುವರಿಯಿತು. ಇಂದು ಮೆಡುಲ್ಲೋಬ್ಲಾಸ್ಟೋಮವೆಂದಷ್ಟೇ ಬರೆದರೆ ಸಾಲದು. ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಕೋಶಕೇಂದ್ರದೊಳಗೆ ಸೇರಿದ್ದರೆ ಅದು ಡಬ್ಲ್ಯು.ಎನ್.ಟಿ. ಗುಂಪಿನದೆಂದು ತಿಳಿದು, ಮಗು ಬದುಕುವ ಭರವಸೆ ಬಹಳವೆಂದು ಹೆತ್ತವರಿಗೆ ಹೇಳಬಹುದು. ನಾನೀಗ ನಿವೃತ್ತ. ಕೆಲಸ ಕಲಿಯುವ ಹುಡುಗರು ಆಗಾಗ ಸ್ಲೈಡು ತಂದು ಅಭಿಪ್ರಾಯ ಕೇಳುವುದುಂಟು. ಗಡ್ಡೆಯ ಮಾತೆತ್ತುವ ಮೊದಲು ಅವರನ್ನು ರಕ್ತನಾಳದ ಬಳಿಗೇ ಕರೆದೊಯ್ಯುತ್ತೇನೆ.