ಜರಡಿಗೆ ವಿವೇಕವುಂಟೆ?

ಹಾಲುನೀರುಗಳನ್ನು ಬೇರ್ಪಡಿಸಿ ಹಾಲನ್ನಷ್ಟೇ ಕುಡಿಯುವ ಹಂಸವನ್ನು ನಮ್ಮ ಕವಿಗಳು ತಲೆತಲಾಂತರದಿಂದ ಕೊಂಡಾಡುತ್ತ ಬಂದಿದ್ದಾರೆ. ಗೃಹಿಣಿಯ ಬಳಿ ಹಂಸವಿಲ್ಲ. ಜರಡಿಯುಂಟು, ಕಾಫಿ ಸೋಸುವ ಬಟ್ಟೆಯುಂಟು. ಇವೆರಡಕ್ಕೂ ಹಂಸಕ್ಕೂ ದೊಡ್ಡದೊಂದು ಭೇದವಿದೆ. ಹಂಸವು ಒಳ್ಳೆಯದು ಯಾವುದೆಂದು ಅರಿತು ಆರಿಸಿಕೊಳ್ಳುತ್ತದೆ. ಜರಡಿ ಅರಿತಿರುವುದು ಗಾತ್ರವೊಂದನ್ನೇ. ಹಿಟ್ಟಿನಲ್ಲಿ ಮೂಗುತಿಯ ಹರಳು ಬಿದ್ದಿದ್ದರೆ ಅದೂ ತವುಡಿನ ಜೊತೆಯಲ್ಲಿಯೇ ಉಳಿಯುತ್ತದೆ.

ಬಟ್ಟೆಯ ಶಕ್ತಿಗೂ ಮಿತಿಯುಂಟು. ನೀರಿನಲ್ಲಿ ಕರಗಿದ ಉಪ್ಪು ಯಾವ ಬಟ್ಟೆಯಲ್ಲಿಯೂ ನಿಲ್ಲದು. ಅಷ್ಟು ಸೂಕ್ಷ್ಮವಾದ ವಸ್ತುಗಳನ್ನು ಬೇರ್ಪಡಿಸುವ ಉಪಾಯವನ್ನು 1861ರಲ್ಲಿ ಥಾಮಸ್ ಗ್ರಹಾಂ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ಒಂದು ಬಳೆಗೆ ಪಾರ್ಚ್‌ಮೆಂಟ್ ಕಾಗದವನ್ನು ಬಿಗಿದು, ಅದರಲ್ಲಿ ದ್ರಾವಣವನ್ನು ಹೊಯ್ದು, ನೀರಿನ ಮೇಲೆ ತೇಲಿಬಿಟ್ಟರು. ಉಪ್ಪು, ಸಕ್ಕರೆಗಳು ಕಾಗದವನ್ನು ದಾಟಿ ನೀರಿಗಿಳಿದವು. ಗೋಂದಿನಂತಹ ದೊಡ್ಡ ಕಣಗಳ ವಸ್ತುಗಳು ಒಳಗೇ ಉಳಿದವು. ಅವುಗಳನ್ನು ಯಾರೂ ಹಿಂಡಲಿಲ್ಲ, ನೂಕಲಿಲ್ಲ. ಜಾತ್ರೆಯ ನೂಕುನುಗ್ಗಲಿನಿಂದ ಜನ ಬಯಲಿನ ಕಡೆಗೆ ಸರಿಯುವಂತೆ, ಅಣುಗಳು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾವಾಗಿ ಸರಿದವು. ಈ ಕ್ರಿಯೆಗೆ ಗ್ರಹಾಂ ಇಟ್ಟ ಹೆಸರು ಡಯಾಲಿಸಿಸ್.

ನಮ್ಮ ಮೂತ್ರಪಿಂಡಗಳು ಈ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ. ಅವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮೊದಲು ಯೂರಿಯಾ, ಉಪ್ಪು, ಸಕ್ಕರೆಗಳೆಲ್ಲವನ್ನೂ ಭೇದವೆಣಿಸದೆ ಹೊರಬಿಡುತ್ತವೆ. ಬಳಿಕ ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಕಳುಹಿಸುತ್ತವೆ. ಕವಿಗಳ ಹಂಸ ಎಲ್ಲಿಯಾದರೂ ಇದ್ದರೆ ಇಲ್ಲಿ ಇರಬೇಕು. ಅದು ಸೋತ ದಿನ, ಮನುಷ್ಯನ ರಕ್ತವೇ ಅವನಿಗೆ ವಿಷವಾಗುತ್ತದೆ.

1938ರಲ್ಲಿ ಹಾಲೆಂಡಿನ ಗ್ರೋನಿಂಗೆನ್ ನಗರದ ಆಸ್ಪತ್ರೆಯಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯರ ಕಣ್ಣೆದುರಿಗೆ ಹೀಗೆಯೇ ಒಬ್ಬ ರೋಗಿ ಸಾಯುತ್ತಿದ್ದನು. ಅವನಿಗೆ 22 ವರ್ಷ. ಮಗನು ಉಳಿಯುವುದಿಲ್ಲವೆಂಬ ಮಾತನ್ನು ಅವನ ತಾಯಿಗೆ ಕೋಲ್ಫ್ ಅವರೇ ಹೇಳಬೇಕಾಯಿತು. ದಿನಕ್ಕೆ 20 ಗ್ರಾಂ ಯೂರಿಯಾವನ್ನು ಹೊರತೆಗೆಯುವ ಹಾದಿಯೊಂದಿದ್ದಿದ್ದರೆ ಇವನು ಬದುಕುತ್ತಿದ್ದನಲ್ಲ ಎಂಬ ಕೊರಗು ಅವರನ್ನು ಬಿಡಲಿಲ್ಲ.

ಬ್ರಿಂಕ್‌ಮನ್ ಎಂಬ ಪ್ರಾಧ್ಯಾಪಕರು ಅವರಿಗೆ ಸೆಲ್ಲೋಫೇನಿನ ಗುಣವನ್ನು ತಿಳಿಸಿದರು. ಅದು ಮಾಂಸದ ಸಾಸೇಜುಗಳಿಗೆ ಹೊದಿಕೆಯಾಗುತ್ತಿದ್ದ ಅಗ್ಗದ ಕೊಳವೆ. ಅದರಲ್ಲಿ ಯೂರಿಯಾ ಬೆರೆಸಿದ ರಕ್ತವನ್ನು ತುಂಬಿ ಉಪ್ಪುನೀರಿನಲ್ಲಿ ಅಲ್ಲಾಡಿಸಿದಾಗ, ಐದೇ ನಿಮಿಷಗಳಲ್ಲಿ ಯೂರಿಯಾ ಬಹುಮಟ್ಟಿಗೆ ಹೊರಬಂದಿತು. ಅಷ್ಟರಲ್ಲಿ ಯುದ್ಧ ಬಂದು ದೇಶ ಜರ್ಮನರ ವಶವಾಯಿತು. 1943ರಲ್ಲಿ, ಕಾಂಪೆನ್ ಎಂಬ ಸಣ್ಣ ಊರಿನಲ್ಲಿ, ಎನಾಮೆಲ್ ಕಾರ್ಖಾನೆಯೊಂದರ ನೆರವಿನಿಂದ ಕೋಲ್ಫ್ ಅವರ ಯಂತ್ರ ಸಿದ್ಧವಾಯಿತು: ಮರದ ಪಟ್ಟಿಗಳ ಒಂದು ಉರುಳೆ, ಅದಕ್ಕೆ ಸುತ್ತಿದ ಹತ್ತಾರು ಮೀಟರ್ ಸೆಲ್ಲೋಫೇನ್ ಕೊಳವೆ, ಕೆಳಗೊಂದು ತೊಟ್ಟಿ.

ಗುಟ್ಟಿದ್ದುದು ಆ ತೊಟ್ಟಿಯಲ್ಲಿ. ಬರಿಯ ನೀರನ್ನು ತುಂಬಿದ್ದರೆ ಯೂರಿಯಾದೊಡನೆ ರಕ್ತದ ಉಪ್ಪೂ ಸಕ್ಕರೆಯೂ ಹೊರಟುಹೋಗುತ್ತಿದ್ದವು. ಆದುದರಿಂದ ಕೋಲ್ಫ್ ಅವರು ಆ ನೀರಿಗೆ ಉಪ್ಪು, ಸೋಡಾ, ಗ್ಲೂಕೋಸುಗಳನ್ನು ಅಳತೆಯಿಂದ ಬೆರೆಸಿದರು. ಎರಡು ಕಡೆಯೂ ಸಮನಾಗಿರುವ ವಸ್ತು ಬರಿದಾಗುವುದಿಲ್ಲ; ಆಚೆ ಕಡೆ ಇಲ್ಲದ ಯೂರಿಯಾ ಮಾತ್ರ ಹರಿದುಹೋಗುತ್ತದೆ. ಪೊರೆಗೆ ವಿವೇಕವಿಲ್ಲ, ವಿವೇಕವೆಲ್ಲ ಅದರ ಹೊರಗೆ ನೀರನ್ನು ಸಿದ್ಧಪಡಿಸಿದವನದು.

ಆದರೂ ಎರಡು ವರ್ಷಗಳಲ್ಲಿ ಆ ಯಂತ್ರದ ಚಿಕಿತ್ಸೆ ಪಡೆದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಒಬ್ಬ ಮುದುಕಿಯನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಕರೆತಂದರು. ನಾಜಿಗಳ ಪಕ್ಷದವಳೆಂದು ಸೆರೆಯಲ್ಲಿದ್ದವಳು ಆಕೆ. ಕೋಲ್ಫ್ ಅವರೂ ನಾಜಿಗಳನ್ನು ವಿರೋಧಿಸಿದವರೇ. ಆದರೆ ರೋಗಿಯ ಪಕ್ಷವನ್ನು ಅವರು ಕೇಳಲಿಲ್ಲ. ಯಂತ್ರ ಹನ್ನೊಂದು ಗಂಟೆಗಳ ಕಾಲ ತಿರುಗಿತು. ಆಕೆ ಕಣ್ತೆರೆದಳು, ಮುಂದೆ ಹಲವು ವರ್ಷ ಬದುಕಿದಳು.

ಇಂತಹ ಚಿಕಿತ್ಸೆಗೆ ಪ್ರತಿಸಲವೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿತ್ತು. ಆದುದರಿಂದ ಮೂತ್ರಪಿಂಡಗಳು ಶಾಶ್ವತವಾಗಿ ಸೋತವರಿಗೆ ಅದು ಒದಗಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಡಾಕ್ಟರ್ ಸ್ಕ್ರಿಬ್ನರ್ ಅವರು ತೋಳಿನಲ್ಲಿ ಟೆಫ್ಲಾನ್ ನಾಳವನ್ನು ನೆಲೆಯಾಗಿ ಇರಿಸಿ ಆ ತೊಡಕನ್ನು ಬಿಡಿಸಿದರು. ಒಡನೆಯೇ ಬೇರೊಂದು ತೊಡಕು ಬಂದಿತು: ರೋಗಿಗಳು ಅನೇಕರು, ಯಂತ್ರಗಳು ಕೆಲವು. ವೈದ್ಯರು ಯೋಗ್ಯರೆಂದು ಗುರುತಿಸಿದ ರೋಗಿಗಳಲ್ಲಿ ಯಂತ್ರ ಯಾರಿಗೆ ಎಂದು ನಿರ್ಣಯಿಸಲು ಏಳು ಜನರ ಸಮಿತಿಯೊಂದು ಕುಳಿತಿತು. ಅದರಲ್ಲಿ ವಕೀಲನಿದ್ದನು, ಪಾದ್ರಿಯಿದ್ದನು, ಗೃಹಿಣಿಯೊಬ್ಬಳಿದ್ದಳು. ರೋಗಿಗೆ ಮಕ್ಕಳೆಷ್ಟು, ಉದ್ಯೋಗವೇನು, ವರಮಾನವೆಷ್ಟು, ಚರ್ಚಿಗೆ ಹೋಗುವ ರೂಢಿಯುಂಟೆ ಎಂಬುದನ್ನೆಲ್ಲ ಅವರು ತೂಗಿನೋಡಿದರು. ಆಯ್ಕೆಯಾಗದವರಿಗೆ ಮರಣವೇ ಗತಿ. 1972ರ ಕಾನೂನು ಅಲ್ಲಿಯ ಬಹುಮಂದಿ ರೋಗಿಗಳ ವೆಚ್ಚವನ್ನು ಸರ್ಕಾರದ ಮೇಲೆ ಹೊರಿಸಿದ ಬಳಿಕ ಅಂತಹ ಆಯ್ಕೆಯ ಅಗತ್ಯ ತಪ್ಪಿತು.

ಇಂದು ಆ ಉರುಳೆಯಿಲ್ಲ. ಕೈಯಲ್ಲಿ ಹಿಡಿಯಬಹುದಾದ ಒಂದು ನಳಿಗೆಯೊಳಗೆ ಕೂದಲೆಳೆಯಂತಹ ಸಾವಿರಾರು ಟೊಳ್ಳು ತಂತುಗಳು ಆ ಕೆಲಸವನ್ನು ಮಾಡುತ್ತವೆ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆಗಳ ಕಾಲ ರೋಗಿಯು ಅದರ ಬಳಿ ಮಲಗಿರುತ್ತಾನೆ. ಅವನು ಸಜ್ಜನನೋ ದುರ್ಜನನೋ, ಸಿರಿವಂತನೋ ಬಡವನೋ, ಆ ಪೊರೆ ಅರಿಯದು. ಅದನ್ನು ಅವನ ಹಾಸಿಗೆಯ ಬಳಿಗೆ ತಲುಪಿಸುವ ಕೆಲಸ ಮಾತ್ರ ಇಂದಿಗೂ ಮನುಷ್ಯರದೇ.